ಬೂದು ಚುಕ್ಕಿ

ರಾತ್ರಿ ಎರಡೂ ಹತ್ತು. ಬೀದರ.
ಸಹಕಾರಿ ಬ್ಯಾಂಕಿನ ಮೂರನೇ ಮಾಳಿಗೆ,
ಗೋಡೆ ತುಂಬ ಪರದೆ, ಪರದೆ ತುಂಬ ಚುಕ್ಕಿ:
ಭಾಲ್ಕಿ, ಔರಾದ, ಹುಲಸೂರ, ಚಿಟಗುಪ್ಪ,
ಕಮಲನಗರ, ಮನ್ನಾಎಖೇಳಿ.
ಹೆಚ್ಚುಕಮ್ಮಿ ಎಲ್ಲ ಹಸಿರು.
ಹಸಿರನ್ನು ನಂಬಬೇಡ ಅಂತ ನನಗೆ ಕಲಿಸಿದ್ದು
ಯಾವ ಇಂಜಿನಿಯರನೂ ಅಲ್ಲ,

ನೌಬಾದಿನ ಝರಣಪ್ಪ.
ಸುರಂಗ ಬಾವಿಗೆ ಇಳಿದು ಹೂಳೆತ್ತಿದವನು,
ಬೆನ್ನ ಮೇಲೆ ಇನ್ನೂ ಕೆಂಪುಗಲ್ಲಿನ ಗೀರು.
ನೆಲದೊಳಗಿನ ನೀರು ಹರಿಯುವುದು ಕಾಣುವುದಿಲ್ಲ,
ಕಾಣಲೆಂದೇ ಹಿಂದಿನವರು ಅಲ್ಲಲ್ಲಿ ಬಾಯಿ ತೆಗೆದಿದ್ದಾರೆ.
ಮೊದಲ ಬಾಯಿಗೆ ಒಂದು ಬೇವಿನೆಲೆ ಬಿಡುತ್ತಿದ್ದ.
ಎರಡನೆಯದರ ತನಕ ನಡೆದು, ಕೂತು, ಬಗ್ಗಿ,
ತುಟಿಯಲ್ಲೇ ಎಣಿಸುತ್ತಿದ್ದ.
ನಾನು ಚಪ್ಪಲಿ ಕಾಯುವ ಹುಡುಗಿ.
"ನೂರಕ್ಕ ಬರೋ ಎಲಿ ನೂರಾ ಹತ್ತಕ್ಕ ಬಂತಂದ್ರ
ನೀರು ನಿಂತಿಲ್ಲವ್ವಾ, ಖರೆ.
ಆದ್ರ ಒಳಗ ಏನೋ ಕುಂತದ."

ಈಗ ನಾನೂ ಎಲೆ ಬಿಡುತ್ತೇನೆ
ಅರವತ್ತು ಸೆಕೆಂಡಿಗೊಮ್ಮೆ, ಶಾಖೆಗೊಂದು.
ಪಿಂಗ್ ಅನ್ನುತ್ತಾರೆ.
ಹೋಗಿ ಬಂದರೆ ಹಸಿರು. ಅಷ್ಟೇ.
ಕರೆದಾಗ "ಹೂಂ" ಅಂದರು ಎಂದಷ್ಟೇ ಅದರ ಅರ್ಥ.
ಜ್ವರದಲ್ಲಿ ಮಲಗಿದವರೂ "ಹೂಂ" ಅನ್ನುತ್ತಾರೆ.

ಔರಾದಿನ ಎಲೆ
ಹತ್ತು ಗಂಟೆಗೆ ಹದಿನೆಂಟು ಮಿಲಿಸೆಕೆಂಡು,
ಹನ್ನೆರಡಕ್ಕೆ ನಲವತ್ತು,
ಈಗ ತೊಂಬತ್ತೊಂದು.
ನೂರು ದಾಟಿದರೆ ಗಂಟೆ ಬಾರಿಸು ಎಂದು
ಯಾರೋ, ಯಾವಾಗಲೋ, ಊಟಕ್ಕೆ ಏಳುವ ಅವಸರದಲ್ಲಿ
ಬರೆದಿಟ್ಟಿದ್ದಾರೆ.
ಗಂಟೆ ಸುಮ್ಮನಿದೆ.
ಕೆಳಗೆ ಮಸ್ತಾನಸಾಬರಿಗೆ ಕುರ್ಚಿಯಲ್ಲೇ ನಿದ್ದೆ.

ಬೆಳಗಾದರೆ ಐದನೇ ತಾರೀಕು.
ಔರಾದಿನ ಬ್ಯಾಂಕಿನ ಕಟ್ಟೆ ಮೇಲೆ ಆರು ಗಂಟೆಗೇ
ಚೀಲ ಇಟ್ಟು ಪಾಳಿ ಹಿಡಿಯುತ್ತಾರೆ ವಿಧವಾ ವೇತನದವರು.
ಕಟ್ಟಿಗೆ ಒಡೆದು, ಭಾಂಡೆ ತಿಕ್ಕಿ ಸವೆದ ಹೆಬ್ಬೆಟ್ಟು,
ಮೂರು ಸಲ ಒತ್ತಿದರೆ ಒಮ್ಮೆ ಹಿಡಿಯುತ್ತದೆ.
ಆ ಒಮ್ಮೆ
ಇಲ್ಲಿಯ ತನಕ ಬಂದು ಮುಟ್ಟಬೇಕು.

ಲಾಗು ತೆರೆದು ಹಿಂದಿನಿಂದ ಓದಿದೆ.
ಸಂತಪುರದವರೆಗೆ ಲೆಕ್ಕ ಸರಿ.
ಅಲ್ಲಿಂದಾಚೆ ಕಳಿಸಿದ್ದನ್ನೇ ಮತ್ತೆ ಕಳಿಸುತ್ತಿದೆ,
ಮಾತು ಮರೆತ ಮುದುಕನ ಹಾಗೆ.

ವೈಜಿನಾಥ ಮೇತ್ರೆಗೆ ಫೋನು ಹಚ್ಚಿದೆ.
"ಬಂದ್ ಆಗ್ಯಾದೇನ್ರಿ?"
"ಇಲ್ಲ."
"ನಡೀಲತ್ತದಲ್ಲ?"
"ನಡೀಲತ್ತದ."
"ಮತ್ತ ಯಾಕ ಎಬ್ಬಸ್ದ್ರಿ?"
ಇದಕ್ಕೆ ಪರದೆಯಲ್ಲಿ ಬಣ್ಣವಿಲ್ಲ.
"ಎಲಿ ತಡಾ ಬರ್ಲತ್ತದ" ಅಂದುಬಿಟ್ಟೆ.
ಆ ಕಡೆ ಬಹಳ ಹೊತ್ತು ಏನಿಲ್ಲ.
ಆಮೇಲೆ ಬೈಕಿಗೆ ಒದ್ದ ಸದ್ದು, ಎರಡು ಸಲ.

ಕಂಬದ ತುದಿಯ ತಟ್ಟೆ ಬೆರಳಷ್ಟು ಓರೆಯಾಗಿತ್ತಂತೆ.
ಒಂದು ನಟ್ಟು ಸಡಿಲ, ನಿನ್ನೆಯ ಗಾಳಿ.
ಟಾರ್ಚು ಹಲ್ಲಲ್ಲಿ ಕಚ್ಚಿ ಬಿಗಿದನಂತೆ.
ನಾಲ್ಕೂ ನಲವತ್ತಕ್ಕೆ ಔರಾದ ಹದಿನೆಂಟು.

ತಿಂಗಳ ವರದಿಯಲ್ಲಿ ನಾನು ಬರೆಯುವುದು:
ಅಡಚಣೆ, ಇಲ್ಲ.
ಮೇತ್ರೆಯ ಪೆಟ್ರೋಲ್ ಚೀಟಿ ಹಿಡಿದು ಸಾಹೇಬರು ಕೇಳುತ್ತಾರೆ,
"ಏನೂ ಆಗಿಲ್ಲಂದ್ಮ್ಯಾಲ ಹೋದದ್ದ್ಯಾಕ?"

ಪರದೆಯ ಬಲಮೂಲೆಯಲ್ಲಿ ಕುಶನೂರ. ಬೂದು.
ಇಣುಕಲೆಂದು ಅಲ್ಲಿಟ್ಟ ಪೆಟ್ಟಿಗೆಯನ್ನು
ಯಾರೋ ಬಿಚ್ಚಿದ್ದಾರೆ, ಫ್ಯಾನಿಗೆ ಪ್ಲಗ್ಗು ಬೇಕಿತ್ತಂತೆ.
ಕೆಂಪಾದರೆ ಎದ್ದು ಓಡಬಹುದು.
ಇದು ಕೆಟ್ಟಿದೆ ಅನ್ನುವುದಿಲ್ಲ, ಕೆಟ್ಟಿಲ್ಲ ಅನ್ನುವುದಿಲ್ಲ.

ನೌಬಾದಿನಲ್ಲೂ ಏಳನೇ ಬಾಯಿಗೆ ಕಾಂಕ್ರೀಟು ಹಾಕಿದ್ದಾರೆ,
ಮೇಲೆ ಟೈರಿನ ಅಂಗಡಿ.
ಝರಣಪ್ಪ ಈಗಲೂ ಸಂಜೆಗೆ
ಆರರಿಂದ ಎಂಟರ ಕಡೆ ನಡೆಯುತ್ತಾನೆ.
"ಏನ್ ಎಣಸ್ಲತ್ತೀರಿ ಕಾಕಾ?"
ಪಂಕ್ಚರಿನ ಹುಡುಗ ಕೇಳಿದರೆ
ತಡಿ ಎಂಬಂತೆ ಬೆರಳೆತ್ತುತ್ತಾನೆ.

ಅರವತ್ತೆರಡು.
ಅರವತ್ತಮೂರು.